ಕಿರುಪಾಠದ ಆಯ್ಕೆ

ಪಾಠವು ಕಿರಿದಾದರೆ ಅದನ್ನು ಆರಿಸುವ ಹೊಣೆಯೂ ಕಿರಿದೆಂದು ಭಾವಿಸುವುದು ಲೋಕದ ರೂಢಿಯಾಗಿದೆ. ದೊಡ್ಡದೊಂದು ಶಾಸ್ತ್ರವನ್ನು ಅಭ್ಯಸಿಸಲು ಹೊರಡುವವನು ಹತ್ತು ಜನರನ್ನು ವಿಚಾರಿಸುವನು. ಗುರುಗಳಾರು, ತಗಲುವ ಕಾಲವೆಷ್ಟು, ತನಗೆ ಅದರಲ್ಲಿ ಅಧಿಕಾರವುಂಟೆ ಇಲ್ಲವೆ ಎಂದು ಆಲೋಚಿಸುವನು. ಐದು ನಿಮಿಷದಲ್ಲಿ ಮುಗಿಯುವ ಉಪದೇಶದ ವಿಷಯದಲ್ಲಿ ಇಂಥ ವಿಚಾರವನ್ನು ಯಾರೂ ಮಾಡುವುದಿಲ್ಲ. ಕೇಳಿದರೆ ನಷ್ಟವೇನು, ಹಿಡಿಸಿದರೆ ಇಟ್ಟುಕೊಳ್ಳೋಣ, ಹಿಡಿಸದಿದ್ದರೆ ಬಿಡೋಣ ಎಂಬುದೇ ಸಾಮಾನ್ಯರ ಭಾವನೆ. ಈ ಭಾವನೆ ಯುಕ್ತವೇ ಎಂಬುದನ್ನು ಇಂದಿನ ಗೃಹಸ್ಥರು ವಿಚಾರಿಸಬೇಕಾಗಿದೆ. ಏಕೆಂದರೆ ಕಚೇರಿಯಲ್ಲಿ ದುಡಿಯುವವರಿಗೂ ಕಾರ್ಖಾನೆಯಲ್ಲಿ ದುಡಿಯುವವರಿಗೂ ಈಗ ಶಿಕ್ಷಣವು ಬರುತ್ತಿರುವುದು ಹೆಚ್ಚಾಗಿ ಹೀಗೆ ತುಣುಕು ತುಣುಕಾಗಿಯೇ. ಕೈಯಲ್ಲಿ ಹಿಡಿದ ಮೊಬೈಲಿನಲ್ಲಿ ಕೋಪವನ್ನು ಗೆಲ್ಲುವ ಪಾಠವೊಂದು, ಕಾಲವನ್ನು ಉಳಿಸುವ ಪಾಠವೊಂದು, ಲೆಕ್ಕಪತ್ರ ಬರೆಯುವ ಪಾಠವೊಂದು. ಕೇಂದ್ರ ಸರ್ಕಾರವು 2020ನೆಯ ಇಸವಿಯ ಸೆಪ್ಟೆಂಬರ್ 2ರಂದು ತನ್ನ ನೌಕರರ ಶಿಕ್ಷಣಕ್ಕಾಗಿ ‘ಮಿಷನ್ ಕರ್ಮಯೋಗಿ’ ಎಂಬ ಯೋಜನೆಗೆ ಒಪ್ಪಿಗೆಯಿತ್ತಿತು. 2024ರ ಅಕ್ಟೋಬರಿನಲ್ಲಿ ಕಲಿಕೆಯ ಸಪ್ತಾಹವೊಂದನ್ನು ಆಚರಿಸಿ, ನೌಕರರು ತಲಾ ಕನಿಷ್ಠ 4 ಗಂಟೆಗಳಷ್ಟು ಕಲಿಯಬೇಕೆಂಬ ಗುರಿಯನ್ನಿಟ್ಟಿತು. ಉದ್ದೇಶವು ಶ್ಲಾಘ್ಯವಾದುದೇ. ಆದರೆ ಗಂಟೆಯನ್ನು ಗಡಿಯಾರವು ಅಳೆಯಬಲ್ಲದು. ಆ ಗಂಟೆಯಲ್ಲಿ ಕೇಳಿದುದು ಕೇಳಿದವನಿಗೆ ಬೇಕಾದ ಪಾಠವೋ ಅಲ್ಲವೋ ಎಂಬುದನ್ನು ಅಳೆಯುವವರಾರು?

ಸಂಕ್ಷೇಪವು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಪಾಣಿನಿಯು ಸುಮಾರು 4000 ಸೂತ್ರಗಳಲ್ಲಿ ಒಂದು ಭಾಷೆಯನ್ನೇ ಅಡಕಮಾಡಿದನು. ಅರ್ಧಮಾತ್ರೆಯಷ್ಟು ಉಳಿತಾಯವಾದರೂ ವೈಯಾಕರಣರು ಮಗ ಹುಟ್ಟಿದಷ್ಟು ಹಿಗ್ಗುವರೆಂದು ವಿನೋದದ ಮಾತೊಂದು ಪಂಡಿತರಲ್ಲಿ ಪ್ರಸಿದ್ಧವಾಗಿದೆ. ಆದರೆ ಸೂತ್ರವು ಕಿರಿದಾದಷ್ಟೂ ಭಾಷ್ಯವು ಹಿರಿದಾಗುವುದು. ಹದಿನಾಲ್ಕು ಮಾಹೇಶ್ವರ ಸೂತ್ರಗಳನ್ನು ಎಂಟು ವರ್ಷದ ಬಾಲಕನು ಒಂದು ನಿಮಿಷದೊಳಗೆ ಒಪ್ಪಿಸಬಲ್ಲನು. ಅವುಗಳಿಂದ ಪ್ರತ್ಯಾಹಾರಗಳನ್ನು ಕಟ್ಟಿ ಒಂದು ಸಂಧಿಯನ್ನು ತಾನಾಗಿ ಬಿಡಿಸುವಷ್ಟರಲ್ಲಿ ವರ್ಷಗಳು ಉರುಳಿರುತ್ತವೆ. ಸೂತ್ರವನ್ನು ಕಂಠಪಾಠ ಮಾಡಿದವನು ವ್ಯಾಕರಣವನ್ನು ಬಲ್ಲನೆಂದು ಹೇಳುವವರಿಲ್ಲ.

ಶರಣರ ವಚನವೂ ಕಿರಿದೇ. ಆದರೆ ಅದರ ಕಿರಿತನವು ಬೇರೆ ಜಾತಿಯದು. ಸೂತ್ರವು ಭಾಷ್ಯವನ್ನು ಆಶ್ರಯಿಸಿ ನಿಂತರೆ ವಚನವು ನಡೆಯನ್ನು ಆಶ್ರಯಿಸಿ ನಿಲ್ಲುವುದು. ಅದನ್ನು ನುಡಿದವರಲ್ಲಿ ಅನೇಕರು ದಿನವಿಡೀ ದುಡಿಯುವವರಾಗಿದ್ದರು. ಅಂಬಿಗರ ಚೌಡಯ್ಯನಿಗೆ ದೋಣಿಯಿತ್ತು, ಮಡಿವಾಳ ಮಾಚಯ್ಯನಿಗೆ ಬಟ್ಟೆಯ ಗಂಟಿತ್ತು, ನುಲಿಯ ಚಂದಯ್ಯನಿಗೆ ಹಗ್ಗಕ್ಕೆ ಬೇಕಾದ ಹುಲ್ಲಿತ್ತು. ಕೆಲಸದ ನಡುವೆ ಹುಟ್ಟಿ ಕೆಲಸಕ್ಕೇ ಮರಳುವ ಮಾತು ಉದ್ದವಾಗಿರಲು ಸಾಧ್ಯವಿರಲಿಲ್ಲ. ಆದಕಾರಣ ಕಾಯಕದ ಎಡೆಯಲ್ಲಿ ಕಿರುಪಾಠವು ಹೇಗಿರಬೇಕೆಂಬುದಕ್ಕೆ ಶರಣರ ಬಾಳಿನಿಂದಲೇ ಒಂದು ಪ್ರಸಂಗವನ್ನು ನೋಡುವುದು ಉಚಿತ.

ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ದಂಪತಿಗಳ ವೃತ್ತಾಂತವು ಸದ್ಭಕ್ತರಿಗೆಲ್ಲ ತಿಳಿದುದೇ. ಅಮರೇಶ್ವರದಿಂದ ಕಲ್ಯಾಣಕ್ಕೆ ಬಂದ ಈ ದಂಪತಿಗಳಿಗೆ ಅಂಗಳದಲ್ಲಿ ಚೆಲ್ಲಿದ ಅಕ್ಕಿಯನ್ನು ಆಯ್ದು ತರುವುದೇ ಕಾಯಕ, ಆಯ್ದುದರಲ್ಲಿ ದಾಸೋಹ. ಒಂದು ದಿನ ಮಾರಯ್ಯನು ಎಂದಿಗಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದನು. ಲಕ್ಕಮ್ಮನು ನೋಡಿದಳು. ಇದು ನಮ್ಮ ನಿತ್ಯದ ಅಳತೆಯಲ್ಲ, ಇಷ್ಟು ನಮಗೆ ಸಲ್ಲದು, ಹೆಚ್ಚಾದುದನ್ನು ತಂದಲ್ಲಿಗೇ ಒಯ್ದು ಸುರಿದು ಬಾ ಎಂಬ ಭಾವದ ಮಾತನ್ನಾಡಿದಳು. ಮಾರಯ್ಯನು ಹೋಗಿ ಸುರಿದು ಬಂದನು. ಪಾಠವು ಅಲ್ಲಿಗೆ ಮುಗಿಯಿತು.

ಈ ಪಾಠಕ್ಕೆ ಎಷ್ಟು ಹೊತ್ತು ಹಿಡಿದಿರಬಹುದು? ಒಂದು ನಿಮಿಷವೂ ಬೇಡ. ಆಸೆಯ ಸ್ವರೂಪವೇನು, ಅದು ಎಷ್ಟು ವಿಧ, ಅದನ್ನು ಗೆದ್ದವರ ಕಥೆಗಳೆಷ್ಟು ಎಂಬ ಪೀಠಿಕೆ ಅಲ್ಲಿ ಇಲ್ಲ. ಎದುರಿಗೆ ಅಕ್ಕಿಯಿದೆ, ಮಾತು ಆ ಅಕ್ಕಿಯನ್ನು ಕುರಿತದ್ದು, ಆ ದಿನದ ಅಕ್ಕಿಯನ್ನು ಕುರಿತದ್ದು. ಕೇಳಿದವನಿಗೆ ಒಡನೆಯೇ ಮಾಡುವುದಕ್ಕೆ ಒಂದು ಕೆಲಸವಿದೆ, ಆ ಕೆಲಸಕ್ಕೆ ಎರಡು ಕಾಲು ಮತ್ತು ಒಂದು ಮಡಿಲು ಸಾಕು. ಇನ್ನೂ ಒಂದು ವಿಶೇಷವುಂಟು. ಹೇಳಿದವಳು ಕೇಳಿದವನ ಒಲೆಯ ಮುಂದೆಯೇ ಕುಳಿತವಳು. ಅಕ್ಕಿ ಹಿಂದಿರುಗಿದರೆ ಅವಳ ಪಾಲಿನ ಅನ್ನವೂ ಹಿಂದಿರುಗುವುದು. ತನಗೆ ಏನೂ ತಗಲದ ಸ್ಥಳದಲ್ಲಿ ನಿಂತು ಪರರಿಗೆ ನಿರಾಸೆಯನ್ನು ಬೋಧಿಸಿದವಳಲ್ಲ ಲಕ್ಕಮ್ಮ. ಮಾರಯ್ಯನಿಗೆ ಈ ಮಾತು ಹಿತವಾಗಿ ಕೇಳಿತೆಂದು ಎಣಿಸಲಾಗದು. ಬಿಸಿಲಲ್ಲಿ ಬಗ್ಗಿ ಒಂದೊಂದೇ ಕಾಳನ್ನು ಆಯ್ದು ಬಂದವನು ಅವನು. ಅವನು ತಾನಾಗಿ ಒಂದು ಪಾಠವನ್ನು ಆರಿಸಿಕೊಳ್ಳುವಂತಿದ್ದರೆ, ಅಂದು ಕಾಯಕದ ಹಿರಿಮೆಯ ಪಾಠವನ್ನು ಆರಿಸಿಕೊಳ್ಳುತ್ತಿದ್ದನೇ ಹೊರತು ಅಕ್ಕಿಯನ್ನು ಸುರಿಯುವ ಪಾಠವನ್ನಲ್ಲ.

ಆಯ್ಕೆಯ ಕಷ್ಟವೆಲ್ಲ ಇಲ್ಲಿಯೇ ಇದೆ. ಮನಸ್ಸು ತನಗೆ ಬಂದ ಪಾಠವನ್ನೇ ಮತ್ತೆ ಮತ್ತೆ ಕೇಳಲು ಇಚ್ಛಿಸುವುದು. ಕಚೇರಿಗೆ ಹತ್ತು ನಿಮಿಷ ಮುಂಚಿತವಾಗಿಯೇ ಹೋಗಿ ಕೂಡುವ ಗುಮಾಸ್ತನು ಕಾಲನಿಷ್ಠೆಯ ಉಪನ್ಯಾಸವನ್ನು ಬಹಳ ಆದರದಿಂದ ಕೇಳುವನು. ಪ್ರತಿಯೊಂದು ವಾಕ್ಯಕ್ಕೂ ತಲೆದೂಗುವನು. ತಡವಾಗಿ ಬರುವ ನೆರೆಯವನಿಗೆ ಅದನ್ನು ಕಳಿಸಿಯೂ ಬಿಡುವನು. ಅವನ ದೋಷವಿರುವುದು ಕಾಲದಲ್ಲಿ ಅಲ್ಲ, ನಾಲಗೆಯಲ್ಲಿ. ಹಳ್ಳಿಯಿಂದ ಅರ್ಜಿ ಹಿಡಿದು ಬಂದ ಮುದುಕಿಗೆ ಅವನು ಆಡುವ ಮಾತನ್ನು ಅವನ ಮೇಜಿನ ಸುತ್ತಲಿನವರೆಲ್ಲ ಬಲ್ಲರು. ಮೃದುವಚನದ ಪಾಠವು ಅವನ ಕಣ್ಣಿಗೆ ಬಿದ್ದರೂ ಅದು ಇನ್ನಾರಿಗೋ ಬೇಕಾದುದೆಂದು ಮುಂದೆ ಸರಿಸುವನು. ತನಗಿಲ್ಲದ ರೋಗಕ್ಕೆ ದಿನಕ್ಕೊಂದು ಗುಳಿಗೆಯನ್ನು ನುಂಗಿ ಆರೋಗ್ಯವಂತನಾದೆನೆಂದು ತಿಳಿಯುವವನ ಸ್ಥಿತಿ ಇದು. ಹೀಗಿರಲು, ಪಾಠವನ್ನು ಆರಿಸುವ ಮುನ್ನ ತನ್ನ ಕೊರತೆಯನ್ನು ತಿಳಿಯಬೇಕು; ಅದನ್ನು ತಾನೊಬ್ಬನೇ ತಿಳಿಯಲಾರದೆ ಹೋದರೆ ಒಲೆಯ ಮುಂದೆ ಕುಳಿತವರನ್ನು ಕೇಳಬೇಕು. ಹೆಂಡತಿಯನ್ನೋ, ಕೂಡಿ ದುಡಿಯುವವನನ್ನೋ ‘ನನ್ನಲ್ಲಿ ಏನು ತಪ್ಪಿದೆ’ ಎಂದು ಕೇಳುವುದು ಐದು ನಿಮಿಷದ ಕೆಲಸವೇ. ಆದರೂ ನೂರು ಪಾಠಗಳನ್ನು ಕೇಳಿದವರಲ್ಲಿ ಇದೊಂದನ್ನು ಕೇಳಿದವರು ವಿರಳ.

ಇದು ಶೀಲಕ್ಕೆ ಸಂಬಂಧಿಸಿದುದಾಯಿತು. ಕೈಗೆಲಸಕ್ಕೆ ಸಂಬಂಧಿಸಿದ ಕಿರುಪಾಠದ ಬಗೆಯನ್ನು ಬೇರೆಯಾಗಿ ನೋಡಬೇಕು. ಎರಡನೆಯ ಮಹಾಯುದ್ಧದ ಕಾಲದಲ್ಲಿ, 1940ರಿಂದ 1945ರವರೆಗೆ, ಅಮೆರಿಕದ ಸರ್ಕಾರವು ಕಾರ್ಖಾನೆಗಳ ಮೇಲ್ವಿಚಾರಕರಿಗೆ ಕಲಿಸುವ ಕಲೆಯನ್ನು ಕಲಿಸಿತು. ‘ಟ್ರೈನಿಂಗ್ ವಿದಿನ್ ಇಂಡಸ್ಟ್ರಿ’ ಎಂದು ಅದರ ಹೆಸರು. ಅನುಭವಿಗಳಾದ ಕೆಲಸಗಾರರು ಸೈನ್ಯಕ್ಕೆ ಹೋಗಿ, ಯಂತ್ರವನ್ನು ಎಂದೂ ಮುಟ್ಟದ ಗಂಡಸರೂ ಹೆಂಗಸರೂ ಕಾರ್ಖಾನೆಗೆ ಬಂದ ಕಾಲವದು. ಕಲಿಸುವ ವಿಧಾನದ ಶಿಕ್ಷಣವೆಲ್ಲ 2 ಗಂಟೆಗಳ 5 ಕೂಟಗಳಲ್ಲಿ, ಅಂದರೆ 10 ಗಂಟೆಗಳಲ್ಲಿ ಮುಗಿಯುತ್ತಿತ್ತು.

ಅಲ್ಲಿ ಪ್ರದರ್ಶನಕ್ಕೆಂದು ಆರಿಸಿಕೊಂಡ ವಸ್ತುವು ಒಂದು ಗಂಟು. ವಿದ್ಯುದ್ದೀಪದ ಜೋಡಿತಂತಿಯನ್ನು ಹೋಲ್ಡರಿನೊಳಗೆ ಕೂಡಿಸುವಾಗ, ದೀಪದ ಭಾರವು ತಿರುಪುಗಳ ಮೇಲೆ ಬೀಳದಿರಲೆಂದು ಹಾಕುವ ಗಂಟು ಅದು. ಶಿಕ್ಷಕನು ಮೊದಲು ಅದನ್ನು ಬರಿಯ ಬಾಯಿಮಾತಿನಿಂದ ವಿವರಿಸಿ, ಕೇಳಿದವನಿಗೆ ಕಟ್ಟಲು ಹೇಳುವನು, ಅವನಿಗೆ ಬರುವುದಿಲ್ಲ. ಆಮೇಲೆ ಮಾತಿಲ್ಲದೆ ಕಟ್ಟಿ ತೋರಿಸುವನು; ಆಗಲೂ ನೋಡಿದವನಿಗೆ ಬರುವುದಿಲ್ಲ. ಮೂರನೆಯ ಸಲ ಕಲಿಯುವವನನ್ನು ಹತ್ತಿರ ಕೂಡಿಸಿ, ಮುಖ್ಯವಾದ ಹೆಜ್ಜೆಗಳನ್ನು ಒಂದೊಂದಾಗಿ ಮಾಡಿ ತೋರಿಸುತ್ತ, ಪ್ರತಿಯೊಂದರ ಮರ್ಮವನ್ನು ಹೇಳುತ್ತ ಹೋಗುವನು. ಬಳಿಕ ಅವನ ಕೈಯಿಂದಲೇ ಕಟ್ಟಿಸಿ, ಕಟ್ಟುವಾಗ ಮರ್ಮವನ್ನು ಅವನ ಬಾಯಿಂದಲೇ ಹೇಳಿಸುವನು. ಕೆಲಸಕ್ಕೆ ಬಿಟ್ಟ ಮೇಲೂ ಆಗಾಗ ಹೋಗಿ ನೋಡುವನು. ಈಗ ಗಂಟು ಬರುವುದು. ಕಲಿಯುವವನಿಗೆ ಬಾರದೆ ಹೋದರೆ ಅದು ಕಲಿಸಿದವನ ಕೊರತೆಯೆಂದೇ ಅವರು ಎಣಿಸುತ್ತಿದ್ದರು. ಹಗ್ಗ ಹೊಸೆದು ಬಾಳಿದ ನುಲಿಯ ಚಂದಯ್ಯನಿಗೆ ಈ ವಿಷಯದಲ್ಲಿ ಯಾರೂ ಹೊಸದಾಗಿ ಹೇಳಬೇಕಾದುದು ಇರಲಾರದು. ಹೊಸೆಯುವವನ ಬಳಿ ಕುಳಿತು ಹೊಸೆಯದೆ ಹಗ್ಗವನ್ನು ಕಲಿತವರಿಲ್ಲ.

ಮೊಬೈಲಿನ ಕಿರುಪಾಠಗಳಲ್ಲಿ ಬಹುಭಾಗವು ಮೇಲೆ ಹೇಳಿದ ಮೊದಲನೆಯ ಎರಡು ಬಗೆಗಳಲ್ಲಿಯೇ ನಿಲ್ಲುವುದು. ಹೇಳುವುದುಂಟು, ತೋರಿಸುವುದುಂಟು, ಮಾಡಿಸುವುದಿಲ್ಲ, ಮರಳಿ ಬಂದು ನೋಡುವುದಿಲ್ಲ. ಆದುದರಿಂದ ಕೈಗೆಲಸದ ಪಾಠವನ್ನು ಆರಿಸುವವನು, ಇದನ್ನು ಕೇಳಿದ ಬಳಿಕ ತನ್ನ ಕೈ ನೋಡಿ ತಿದ್ದುವವರು ಯಾರಾದರೂ ಉಂಟೇ ಎಂದು ವಿಚಾರಿಸಿಕೊಳ್ಳಬೇಕು. ಉಂಟಾದರೆ ಐದು ನಿಮಿಷದ ಪಾಠವೂ ಸಾರ್ಥಕ. ಇಲ್ಲದಿದ್ದರೆ ಅದು ನೋಡಿ ಮರೆಯುವ ಜಾತ್ರೆ.

ಮರೆಯುವ ವಿಷಯ ಬಂದುದರಿಂದ ಇನ್ನೊಂದನ್ನು ಹೇಳಬೇಕು. ಜರ್ಮನಿಯ ಎಬ್ಬಿಂಗ್‌ಹೌಸ್ ಎಂಬ ವಿದ್ವಾಂಸನು ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾನೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆಯುವುದೆಂದು ಅಳೆದು 1885ರಲ್ಲಿ ಪ್ರಕಟಿಸಿದನು. ಕಲಿಯಲು ಪಟ್ಟ ಶ್ರಮದಲ್ಲಿ ಅರ್ಧಕ್ಕಿಂತ ಹೆಚ್ಚು ಒಂದು ಗಂಟೆಯೊಳಗೆ ವ್ಯರ್ಥವಾಗಿತ್ತು. ಅರ್ಥವುಳ್ಳ ಮಾತು ಇಷ್ಟು ಬೇಗ ಜಾರುವುದಿಲ್ಲವೆಂಬುದನ್ನು ಒಪ್ಪಬೇಕು. ಆದರೆ ಅವನು ಕಂಡ ಇನ್ನೊಂದು ಸಂಗತಿಯು ಮಠದ ಪಾಠಶಾಲೆಗಳಿಗೆ ಅಪರಿಚಿತವಲ್ಲ: ಒಂದೇ ದಿನ 68 ಸಲ ಆವೃತ್ತಿ ಮಾಡಿದುದರಿಂದ ಬಂದ ಫಲವು, ಮೂರು ದಿನಗಳಿಗೆ ಹಂಚಿ 38 ಸಲ ಆವೃತ್ತಿ ಮಾಡಿದುದರಿಂದ ಬಂದಿತು. ಅಮರಕೋಶದ ಹತ್ತು ಶ್ಲೋಕಗಳನ್ನು ಒಂದೇ ದಿನ ಉರುಹಾಕದೆ, ನಿನ್ನೆಯದನ್ನೂ ಮೊನ್ನೆಯದನ್ನೂ ಬೆಳಗಿನ ಜಾವದಲ್ಲಿ ಒಪ್ಪಿಸಿದ ಮೇಲೆಯೇ ಹೊಸದೊಂದನ್ನು ಕೊಡುತ್ತಿದ್ದ ಹಿರಿಯರು ಇದನ್ನು ಅಳೆದಿರಲಿಲ್ಲ, ನಡೆಸಿಕೊಂಡು ಬಂದಿದ್ದರು. ದಿನಕ್ಕೊಂದು ಹೊಸ ಪಾಠವೆಂಬುದು ಕೇಳಲು ಚೆನ್ನಾಗಿದೆ. ತಿಂಗಳಿಗೆ ಮೂವತ್ತು ಪಾಠ ಕೇಳಿದವನನ್ನು, ಮೊದಲನೆಯ ವಾರದಲ್ಲಿ ಕೇಳಿದುದೇನೆಂದು ಕೇಳಿ ನೋಡಬೇಕು. ಒಂದೇ ಪಾಠವನ್ನು ತಿಂಗಳೆಲ್ಲ ಇಟ್ಟುಕೊಂಡವನಿಗೆ ಬೇಸರವಾಗುವುದು ನಿಜ; ಆ ಬೇಸರವೂ ಕಲಿಕೆಯ ಒಂದು ಭಾಗವೇ.

ಎಲ್ಲವನ್ನೂ ಕಿರುಪಾಠದಿಂದ ಕಲಿಯಬಹುದೆಂಬುದು ಭ್ರಮೆ. ದಾದಿಯ ವಿದ್ಯೆ, ಯಂತ್ರಶಿಲ್ಪ, ನ್ಯಾಯಶಾಸ್ತ್ರ ಇವು ದೀರ್ಘಕಾಲವನ್ನು ಬೇಡುವುವು. ಬುನಾದಿಯಿದ್ದವನಿಗೆ ಕಿರುಪಾಠವು ನೆನಪಿನ ಊರುಗೋಲಾಗಬಹುದು, ಅಷ್ಟೆ.

ಈಗ ಹೇಳದೆ ಬಿಡಲಾಗದ ಒಂದು ವಿಷಯವುಂಟು. ಪಾಠವನ್ನು ಕಲಿಯುವವನೇ ಆರಿಸದೆ, ಅವನ ಒಡೆಯನು ಆರಿಸಿದರೆ ಹೇಗೆ? ಕಸುಬಿನ ಪಾಠವನ್ನು ಒಡೆಯನು ಆರಿಸುವುದು ನ್ಯಾಯವೇ. ಯಂತ್ರವು ಅವನದು, ಅಪಾಯವಾಗದಂತೆ ಕಲಿಸುವ ಹೊಣೆಯೂ ಅವನದು. ಆದರೆ ಶೀಲದ ಪಾಠವನ್ನು ಅವನು ಆರಿಸತೊಡಗಿದಾಗ ಎಚ್ಚರವು ಬೇಕು. ಎರಡು ತಿಂಗಳ ಸಂಬಳವನ್ನು ತಡೆಹಿಡಿದ ಧಣಿಯು ತನ್ನ ಆಳುಗಳಿಗೆ ಸಹನೆಯ ಮೇಲೆ, ಅಲ್ಪತೃಪ್ತಿಯ ಮೇಲೆ ಕಿರುಪಾಠಗಳನ್ನು ಏರ್ಪಡಿಸಿದನೆಂದು ಭಾವಿಸೋಣ. ಪಾಠದಲ್ಲಿ ಒಂದು ಅಕ್ಷರವೂ ಸುಳ್ಳಿರಲಿಕ್ಕಿಲ್ಲ. ಲಕ್ಕಮ್ಮನ ಕಥೆಯನ್ನೇ ಅವನು ಹೇಳಿಸಬಹುದು. ಆದರೂ ಅದು ಅನ್ಯಾಯವೇ. ಲಕ್ಕಮ್ಮನು ತನ್ನ ಮನೆಗೆ ಹೆಚ್ಚಾಗಿ ಬಂದ ಅಕ್ಕಿಯನ್ನು ಹಿಂದಕ್ಕೆ ಕಳಿಸಿದಳು. ಹಸಿದವನ ಪಾಲಿನ ಅಕ್ಕಿಯನ್ನು ತಾನು ಹಿಡಿದಿಟ್ಟುಕೊಂಡು ಅವನಿಗೆ ನಿರಾಸೆಯನ್ನು ಹೇಳಲಿಲ್ಲ. ಆ ಕಥೆಯನ್ನು ಅಲ್ಲಿ ಕೇಳಬೇಕಾದವನು ಸಭೆಯ ಹಿಂದಿನ ಸಾಲಿನಲ್ಲಿ ಕುಳಿತ ಆಳಲ್ಲ, ಮುಂದಿನ ಕುರ್ಚಿಯಲ್ಲಿ ಕುಳಿತ ಧಣಿ. ಮನೆಗಳಲ್ಲಿಯೂ ಇಂಥದು ನಡೆಯುವುದುಂಟು. ಸೊಸೆಗೆ ತಾಳ್ಮೆಯ ಪಾಠವನ್ನು ಓದಿಸುವ ಅತ್ತೆಯು, ಮಗನಿಗೆ ಮಿತವ್ಯಯವನ್ನು ಬೋಧಿಸುವ ತಂದೆಯು, ಆ ಪಾಠದ ಬೆಲೆಯಲ್ಲಿ ತನ್ನ ಪಾಲೆಷ್ಟೆಂದು ಮೊದಲು ಲೆಕ್ಕ ಹಾಕಿದರೆ ಎಷ್ಟೋ ಪಾಠಗಳು ಬಾಯಿಂದ ಹೊರಡುವ ಮುನ್ನವೇ ನಿಲ್ಲುವುವು.

ಹಾಗಾದರೆ ಆಲಿಸುವುದನ್ನೇ ಬಿಡಬೇಕೆ? ಶೂನ್ಯಸಂಪಾದನೆಯಲ್ಲಿ ಅಕ್ಕಿಯ ಪ್ರಸಂಗಕ್ಕೂ ಮುನ್ನ ಬರುವ ಒಂದು ಸನ್ನಿವೇಶವು ಇದಕ್ಕೆ ಸಂಬಂಧಿಸಿದುದು. ಮಾರಯ್ಯನು ಅನುಭವಮಂಟಪದಲ್ಲಿ ಅಲ್ಲಮಪ್ರಭುವಿನ ಸನ್ನಿಧಿಯಲ್ಲಿದ್ದಾನೆ. ಅಲ್ಲಿ ಕೇಳಿಬರುತ್ತಿದ್ದುದು ಅಂಥಿಂಥ ಪಾಠವಲ್ಲ. ಆ ಕಾಲದ ಕಲ್ಯಾಣದಲ್ಲಿ ಅದಕ್ಕಿಂತ ಮಿಗಿಲಾದುದು ಎಲ್ಲಿಯೂ ದೊರೆಯುವಂತಿರಲಿಲ್ಲ. ಮಾರಯ್ಯನು ಕೇಳುತ್ತ ಕೇಳುತ್ತ ಮೈಮರೆತನು, ಹೊತ್ತು ಏರಿತು. ಕಾಯಕವು ನಿಂತುಹೋಗಿದೆಯೆಂದು ಅವನಿಗೆ ನೆನಪು ಮಾಡಿಕೊಟ್ಟವಳು ಲಕ್ಕಮ್ಮನೇ. ಅವಳು ಪ್ರಭುವಿನ ಮಾತನ್ನು ಅಲ್ಲಗಳೆಯಲಿಲ್ಲ, ಕೇಳಬೇಡವೆಂದೂ ಹೇಳಲಿಲ್ಲ. ದಿನದ ಅಕ್ಕಿಯನ್ನು ಇನ್ನೂ ಆಯ್ದಿರಲಿಲ್ಲ, ಅಷ್ಟೆ. ಮಾರಯ್ಯನು ಅಲ್ಲಿಂದೆದ್ದು ಅಂಗಳದ ಕಡೆಗೆ ನಡೆದನು.