ಕಲಿಯುವವರ ಮಾತಿಗೆ ಎಡೆಯೆಲ್ಲಿ?

ವಿಶ್ವವಿದ್ಯಾನಿಲಯದ ವಿದ್ಯಾರ್ಥಿಗಳಿಗೆ ತಮ್ಮ ಶಿಕ್ಷಣದ ತೀರ್ಮಾನಗಳಲ್ಲಿ ಪಾಲು ಇರಬೇಕೇ? ಈ ಪ್ರಶ್ನೆ ಎದ್ದಾಗ ನಮ್ಮಂತಹ ಹಳೆಯ ಅಧ್ಯಾಪಕರು ಸಾಮಾನ್ಯವಾಗಿ ಕೇಳುವುದೊಂದೇ: ಅರಿಯಲೆಂದು ಬಂದವನು ಏನನ್ನು ಅರಿಯಬೇಕೆಂದು ಹೇಗೆ ಹೇಳಿಯಾನು? ರೋಗಿಯು ತನ್ನ ಔಷಧವನ್ನು ತಾನೇ ಬರೆದುಕೊಳ್ಳುವುದುಂಟೇ? ಮಾತು ಸುಳ್ಳಲ್ಲ. ಆದರೆ ನೋವು ಎಲ್ಲಿದೆಯೆಂಬುದನ್ನು ರೋಗಿಯಲ್ಲದೆ ಬೇರಾರು ಹೇಳಬಲ್ಲರು?

ನಮ್ಮ ಪರಂಪರೆಯು ಇದನ್ನು ಅರಿತಿತ್ತು. ಪ್ರಶ್ನೋಪನಿಷತ್ತಿನಲ್ಲಿ ಆರು ಮಂದಿ ಜಿಜ್ಞಾಸುಗಳು ಪಿಪ್ಪಲಾದ ಮಹರ್ಷಿಯ ಬಳಿಗೆ ಬರುತ್ತಾರೆ. ಒಂದು ವರ್ಷ ತಪಸ್ಸು, ಬ್ರಹ್ಮಚರ್ಯ, ಶ್ರದ್ಧೆಗಳಿಂದ ಅಲ್ಲಿ ವಾಸಿಸಬೇಕೆಂದು ಋಷಿಯು ವಿಧಿಸುತ್ತಾನೆ. ಬಳಿಕ ಇಷ್ಟಬಂದುದನ್ನು ಕೇಳಲು ಅನುಮತಿ ನೀಡುತ್ತಾನೆ. ತಿಳಿದಿದ್ದರೆ ಮಾತ್ರ ಹೇಳುವೆನೆಂಬ ವಿನಯವನ್ನೂ ತೋರುತ್ತಾನೆ. ನಿಯಮ ಗುರುವಿನದು, ಪ್ರಶ್ನೆ ಶಿಷ್ಯರದು. ಇಬ್ಬರ ಘನತೆಗೂ ಅಲ್ಲಿ ಕುಂದಿಲ್ಲ.

ಇಟಲಿಯ ಬೊಲೊನ್ಯ ವಿಶ್ವವಿದ್ಯಾನಿಲಯವು 1088ರಲ್ಲಿ ಆರಂಭವಾಯಿತೆಂಬುದು ಪ್ರತೀತಿ. ಮಧ್ಯಯುಗದಲ್ಲಿ ಅಲ್ಲಿ ಆಡಳಿತ ವಿದ್ಯಾರ್ಥಿ ಸಂಘಗಳ ಕೈಯಲ್ಲಿತ್ತು. ತಡವಾಗಿ ಪಾಠ ಆರಂಭಿಸಿದ ಪ್ರಾಧ್ಯಾಪಕನಿಗೆ ದಂಡ ಬೀಳುತ್ತಿತ್ತು. ಊರು ಬಿಟ್ಟು ಹೋಗಬೇಕಾದರೆ ಆತ ಅನುಮತಿ ಪಡೆಯಬೇಕಿತ್ತು. ಪ್ಯಾರಿಸಿನಲ್ಲಾದರೋ ಅಧಿಕಾರವೆಲ್ಲ ಗುರುಗಳ ಸಂಘದ್ದು. ಬೊಲೊನ್ಯದ ಗುರು ಅಂಜಿ ಪಾಠ ಹೇಳುವ ಅಪಾಯವಿತ್ತು, ಪ್ಯಾರಿಸಿನ ಶಿಷ್ಯ ಅಂಜಿ ಮೌನವಾಗುವ ಅಪಾಯವಿತ್ತು. ಎರಡೂ ವಿದ್ಯೆಗೆ ಹಿತವಲ್ಲ.

ನಮ್ಮಲ್ಲಿ ಸ್ಥಿತಿ ಹೇಗಿದೆ? ಕಾಸರಗೋಡಿನ ಕಾಲೇಜುಗಳು ಸೇರಿರುವ, 1996ರಲ್ಲಿ ಸ್ಥಾಪಿತವಾದ ಕಣ್ಣೂರು ವಿಶ್ವವಿದ್ಯಾನಿಲಯದ ಸೆನೆಟ್ಟಿನಲ್ಲಿ ಚುನಾಯಿತ ವಿದ್ಯಾರ್ಥಿ ಸದಸ್ಯರಿಗೆ ಸ್ಥಾನವಿದೆ. ವಿಶ್ವವಿದ್ಯಾನಿಲಯ ಅನುದಾನ ಆಯೋಗದ 2023ರ ಕುಂದುಕೊರತೆ ನಿವಾರಣಾ ನಿಯಮಾವಳಿಯು ಸಮಿತಿಯಲ್ಲಿ ಒಬ್ಬ ವಿದ್ಯಾರ್ಥಿಗೆ ಎಡೆ ಕೊಟ್ಟಿದೆಯಾದರೂ ಅದು ವಿಶೇಷ ಆಹ್ವಾನಿತನ ಸ್ಥಾನ. ಅವನು ಸಹಪಾಠಿಗಳಿಂದ ಆರಿಸಲ್ಪಟ್ಟವನಲ್ಲ, ನಾಮಕರಣಗೊಂಡವನು. ಮನೆಯ ಮಗನನ್ನು ಅತಿಥಿಯೆಂದು ಕುಳ್ಳಿರಿಸಿದಂತಾಯಿತು.

ಗಡಿನಾಡಿನ ನಮಗೆ ಇದು ಬರಿಯ ತತ್ತ್ವವಿಚಾರವಲ್ಲ. ಕನ್ನಡ ಮಾಧ್ಯಮದ ತರಗತಿಗೆ ಕನ್ನಡ ಅರಿಯದ ಅಧ್ಯಾಪಕರು ನೇಮಕಗೊಂಡಾಗ ಆ ಕೊರತೆಯನ್ನು ಮೊದಲು ಅರಿತವರು ಕಡತ ನೋಡುವ ಅಧಿಕಾರಿಗಳಲ್ಲ, ಬೆಂಚಿನಲ್ಲಿ ಕುಳಿತ ಮಕ್ಕಳು. ಕನ್ನಡದಲ್ಲಿ ಓದಿ ಪದವಿ ತರಗತಿ ಸೇರಿದವನಿಗೆ ಯಾವ ಪಾಠ ಎಲ್ಲಿ ತೊಡಕಾಗುತ್ತದೆ, ಗ್ರಂಥಾಲಯದಲ್ಲಿ ಯಾವ ಪುಸ್ತಕವಿಲ್ಲ ಎಂಬುದು ಅವನಿಗೇ ಗೊತ್ತು. ಅವನಿಗೆ ಶಾಸ್ತ್ರಜ್ಞಾನ ಇನ್ನೂ ಬಂದಿಲ್ಲದಿರಬಹುದು. ತೀರ್ಮಾನದ ಭಾರವನ್ನಂತೂ ಹೊರುವವನು ಅವನೇ. ಹೊರುವವನಿಗೆ ಹೇಳುವ ಹಕ್ಕುಂಟು.

ಹಾಗೆಂದು ಸಿದ್ಧಾಂತವೊಂದು ಸತ್ಯವೋ ಅಲ್ಲವೋ ಎಂಬುದನ್ನು ಕೈಯೆತ್ತಿಸಿ ನಿರ್ಣಯಿಸಲಾಗದು. ಉತ್ತರಪತ್ರಿಕೆಯ ಅಂಕವೂ ಬಹುಮತಕ್ಕೆ ಬಿಟ್ಟ ವಿಷಯವಲ್ಲ. ಆದರೆ ಬೋಧನೆಯ ಭಾಷೆ, ಪರೀಕ್ಷೆಯ ಕ್ರಮ, ಶುಲ್ಕ, ಗ್ರಂಥಾಲಯ, ವಿದ್ಯಾರ್ಥಿನಿಲಯ ಇವುಗಳಲ್ಲಿ ಅವರನ್ನು ಕೇಳದೆ ತೀರ್ಮಾನಿಸುವುದು ಅನ್ಯಾಯ. ಕೇಳಿದ ಮೇಲೆ ಒಪ್ಪಲಾಗದಿದ್ದರೆ ಕಾರಣ ಹೇಳುವುದೂ ಹಿರಿಯರ ಕರ್ತವ್ಯ.

ನಾವು ಮುಖ್ಯೋಪಾಧ್ಯಾಯರಾಗಿದ್ದ ದಿನಗಳಲ್ಲಿ, ಹತ್ತನೆಯ ತರಗತಿ ಮುಗಿಸಿದ ಮಕ್ಕಳು ಮುಂದೇನು ಓದಬೇಕೆಂದು ಹೆತ್ತವರೊಡನೆ ಕುಳಿತು ನಿರ್ಧರಿಸುತ್ತಿದ್ದೆವು. ಮಗು ಬಾಗಿಲ ಬಳಿ ನಿಂತಿರುತ್ತಿತ್ತು. ನಾವು ಬಯಸಿದ್ದು ಅದರ ಹಿತವನ್ನೇ. ಆದರೂ ಒಳಗೆ ಕರೆದು ಒಂದು ಮಾತು ಕೇಳಲಿಲ್ಲವೆಂಬ ಕೊರಗು ಇಂದಿಗೂ ಉಳಿದಿದೆ.

ನಮ್ಮ ಸಮ್ಮೇಳನಗಳಲ್ಲಿ ಕನ್ನಡ ಶಿಕ್ಷಣದ ಕುರಿತು ನಿರ್ಣಯಗಳನ್ನು ಅಂಗೀಕರಿಸುತ್ತೇವೆ. ಸೂಚಿಸುವವರೂ ಅನುಮೋದಿಸುವವರೂ ತಲೆ ನರೆತವರೇ. ಕಾಲೇಜಿನಲ್ಲಿ ಓದುತ್ತಿರುವ ನಮ್ಮ ಮಕ್ಕಳು ಹಿಂದಿನ ಸಾಲಿನಲ್ಲಿ ಕುರ್ಚಿ ಜೋಡಿಸುತ್ತಿರುತ್ತಾರೆ. ವಿಶ್ವವಿದ್ಯಾನಿಲಯಗಳಿಗೆ ಬುದ್ಧಿ ಹೇಳುವ ಮೊದಲು, ಮುಂದಿನ ನಿರ್ಣಯದ ಕರಡನ್ನು ಬರೆಯುವಾಗ ಆ ಮಕ್ಕಳಲ್ಲಿ ಇಬ್ಬರನ್ನಾದರೂ ನಮ್ಮ ಪಕ್ಕದಲ್ಲಿ ಕುಳ್ಳಿರಿಸಿಕೊಳ್ಳೋಣ.