ನನ್ನನ್ನು ನೋಡುವ ದೇವರು
(ದೇವರ ನಾಮಗಳ ಅರ್ಥ)



ಕೋರಿಕೆ ಚೀಟಿ ಬರೆಯಲು ಆಫೀಸಿನ ಕಿಟಕಿಯ ಹತ್ತಿರ ಬರುವ ಭಕ್ತಾದಿಗಳು ಆಗಾಗ ಒಂದು ಪ್ರಶ್ನೆ ಕೇಳ್ತಾರೆ. "ಸಾರ್, ಮೇಲೆ ಏನಂತ ಬರೀಬೇಕು? ಯಾವ ಹೆಸರಿನಿಂದ ಕರೆದರೆ ದೇವರು ಬೇಗ ಕೇಳ್ತಾರೆ?" ಕೆಲವರು ಸರ್ವೇಶ್ವರ ಅಂತ ಬರೆಯುತ್ತಾರೆ, ಕೆಲವರು ಯೆಹೋವ, ಕೆಲವರು ಯೇಸಪ್ಪ. ಇನ್ನು ಕೆಲವರು ಬರೀ 'ಸ್ವಾಮಿ' ಅಂತ ಬರೆದು, ಮುಂದೆ ಬರೆಯಲಾಗದೆ ಕಣ್ಣೊರೆಸಿಕೊಳ್ಳುತ್ತಾರೆ. ಪ್ರಶ್ನೆ ಚಿಕ್ಕದಲ್ಲ. ಪವಿತ್ರ ಬೈಬಲಿನಲ್ಲಿ ಇದಕ್ಕೆ ಉತ್ತರವಿದೆ.

1. ದೇವರಿಗೆ ಹೆಸರಿಟ್ಟ ದಾಸಿ

ಬೈಬಲಿನಲ್ಲಿ ದೇವರಿಗೆ ಮೊಟ್ಟಮೊದಲು ಹೆಸರಿಟ್ಟವರು ಯಾರು ಗೊತ್ತೇ? ಅರಸನಲ್ಲ, ಯಾಜಕನಲ್ಲ, ಪ್ರವಾದಿಯಲ್ಲ. ಈಜಿಪ್ಟ್ ದೇಶದ ಒಬ್ಬ ದಾಸಿ, ಹಾಗರಳು. ಒಡತಿಯ ಕಾಟ ತಾಳಲಾರದೆ ಆ ಬಸುರಿ ಹೆಂಗಸು ಮರುಭೂಮಿಗೆ ಓಡಿಹೋಗುತ್ತಾಳೆ. ಆದಿಕಾಂಡದ 16ನೇ ಅಧ್ಯಾಯವನ್ನು ನಿಧಾನವಾಗಿ ಓದಿ ನೋಡಿ. ಅಬ್ರಾಮನಾಗಲಿ ಸಾರಯಳಾಗಲಿ ಅವಳನ್ನು 'ದಾಸಿ' ಅನ್ನುತ್ತಾರೆಯೇ ಹೊರತು ಒಂದು ಸಲವೂ ಹೆಸರು ಹಿಡಿದು ಕರೆಯುವುದಿಲ್ಲ. ನೀರಿನ ಬುಗ್ಗೆಯ ಬಳಿ ಕಂಡ ದೇವದೂತನೇ ಅವಳನ್ನು ಹೆಸರಿನಿಂದ ಕರೆದು, ಎಲ್ಲಿಂದ ಬಂದೆ, ಎಲ್ಲಿಗೆ ಹೊರಟೆ ಅಂತ ವಿಚಾರಿಸಿದ್ದು.

ಆಗ ಅವಳು ದೇವರಿಗೊಂದು ಹೆಸರಿಟ್ಟಳು. ಹಿಬ್ರೂ ಭಾಷೆಯಲ್ಲಿ ಅದು 'ಎಲ್ ರೋಯಿ'. ಅಂದರೆ ನನ್ನನ್ನು ನೋಡುವ ದೇವರು. ಹುಟ್ಟಲಿದ್ದ ಮಗುವಿಗೆ ದೇವದೂತ ಹೇಳಿದ ಹೆಸರು ಇಷ್ಮಾಯೇಲ, ಅಂದರೆ ದೇವರು ಕೇಳುತ್ತಾರೆ.

ಅಷ್ಟಕ್ಕೇ ಹಾಗರಳ ಕಷ್ಟ ಮುಗಿಯಿತೇ? ಇಲ್ಲ. ಅದೇ ಮನೆಗೆ ಹಿಂತಿರುಗಬೇಕಾಯಿತು. ವರ್ಷಗಳ ನಂತರ ಒಂದಿಷ್ಟು ರೊಟ್ಟಿ, ಒಂದು ತಿತ್ತಿ ನೀರು ಕೊಟ್ಟು ಮಗನ ಸಮೇತ ಅವಳನ್ನು ಹೊರಗೆ ಕಳಿಸಿದರು. ನೀರು ಮುಗಿದಾಗ, ಮಗ ಸಾಯುವುದನ್ನು ನೋಡಲಾರೆ ಅಂತ ದೂರ ಕುಳಿತು ಅತ್ತಳು. ದೇವರು ಆಗಲೂ ಕೇಳಿದರು. ಅವಳ ಕಣ್ಣು ತೆರೆಸಿದರು, ಬಾವಿ ಕಂಡಿತು. ಹರಕೆ ತೀರಿಸಿ ಬೆಟ್ಟ ಇಳಿದ ಮೇಲೂ ಮನೆಯಲ್ಲಿ ಅದೇ ಸಾಲ, ಅದೇ ಕಾಯಿಲೆ, ಅದೇ ಕುಡಿತ ಇದೆಯಲ್ಲಾ ಅಂತ ಕೊರಗುವವರು ಈ ತಾಯಿಯನ್ನು ನೆನೆಯಬೇಕು. ಹೆಸರು ಹಿಡಿದು ಕರೆದ ತಕ್ಷಣ ಕಷ್ಟ ಓಡಿಹೋಗುತ್ತದೆ ಅಂತಲ್ಲ. ಆ ಕಷ್ಟದಲ್ಲಿ ನಮ್ಮನ್ನು ನೋಡುವವರು ಒಬ್ಬರಿದ್ದಾರೆ ಅಂತ.

2. ಬೆಟ್ಟದ ಮೇಲೆ ಸಿಕ್ಕ ಹೆಸರು

ಅಬ್ರಹಾಮನೂ ಒಂದು ಬೆಟ್ಟ ಹತ್ತಿದ. ಮಗ ಇಸಾಕನ ಬದಲು ಟಗರನ್ನು ಕಂಡು, ಆ ಸ್ಥಳಕ್ಕೆ 'ಯೆಹೋವ ಯೀರೆ' ಎಂದು ಹೆಸರಿಟ್ಟ (ಆದಿಕಾಂಡ 22). 'ದೇವರು ಒದಗಿಸುವರು' ಅಂತ ಅದಕ್ಕೆ ಅರ್ಥ ಹೇಳುತ್ತೇವೆ. ಆದರೆ ಹಿಬ್ರೂವಿನಲ್ಲಿ ಈ ಮಾತಿನ ಮೂಲವೂ 'ನೋಡು' ಎಂಬುದೇ. ದಾಸಿಯ ಬಾಯಲ್ಲಿ ಬಂದದ್ದೂ ಪಿತಾಮಹನ ಬಾಯಲ್ಲಿ ಬಂದದ್ದೂ ಒಂದೇ ಮಾತು. ಕನ್ನಡಿಗರಾದ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. "ದೇವರು ನೋಡ್ಕೋತಾರೆ" ಅಂತ ನಾವು ದಿನಾ ಹೇಳುತ್ತೇವಲ್ಲ! ನೋಡುವುದು, ನೋಡಿಕೊಳ್ಳುವುದು ಎರಡೂ ಒಂದೇ ಬೇರಿನವು.

3. ಬಾಯಿಬಿಟ್ಟು ಹೇಳದ ಹೆಸರು

ಹೋರೇಬ್ ಬೆಟ್ಟದಲ್ಲಿ ಉರಿಯುವ ಪೊದೆಯ ಮುಂದೆ ಮೋಶೆಯೂ ಹೆಸರು ಕೇಳಿದ. ತಾನು ಸದಾ ಇರುವವನು ಎಂಬರ್ಥದ ಉತ್ತರ ಬಂತು. ಆ ನಾಮಕ್ಕೆ ಹಿಬ್ರೂವಿನಲ್ಲಿ ನಾಲ್ಕು ಅಕ್ಷರ. ಯೆಹೂದ್ಯರು ಭಯಭಕ್ತಿಯಿಂದ ಅದನ್ನು ಉಚ್ಚರಿಸದೆ, ಓದುವಾಗ 'ಅದೋನಾಯ್' ಅಂದರೆ 'ಪ್ರಭು' ಅನ್ನುತ್ತಾರೆ. ನಮ್ಮ ಹಳ್ಳಿಗಳಲ್ಲಿ ಅಜ್ಜಿಯರು ಗಂಡನ ಹೆಸರು ಹೇಳದೆ 'ನಮ್ಮ ಯಜಮಾನ್ರು' ಅನ್ನುತ್ತಿರಲಿಲ್ಲವೇ? ಹಾಗೆ. ಆರಾಧನೆಯಲ್ಲಿ ಆ ನಾಮವನ್ನು ಉಚ್ಚರಿಸದೆ 'ಪ್ರಭು' ಎನ್ನಬೇಕೆಂದು 2008ರಲ್ಲಿ ವ್ಯಾಟಿಕನ್ ಕೂಡ ಸೂಚಿಸಿತು. ಕಥೋಲಿಕರ ಕನ್ನಡ ಬೈಬಲಿನಲ್ಲಿ ಆ ನಾಮದ ಜಾಗದಲ್ಲಿ 'ಸರ್ವೇಶ್ವರ' ಎಂದಿದೆ, ಪ್ರೊಟೆಸ್ಟೆಂಟ್ ಸಹೋದರರ ಸತ್ಯವೇದದಲ್ಲಿ 'ಯೆಹೋವ' ಎಂದಿದೆ. ಇದಕ್ಕಾಗಿ ಜಗಳ ಬೇಡ. ಇಬ್ಬರೂ ಕರೆಯುವುದು ಒಬ್ಬರನ್ನೇ.

4. ನಾಮ ಮಂತ್ರವಲ್ಲ

ಎಫೆಸ ಪಟ್ಟಣದಲ್ಲಿ ಸ್ಕೇವ ಎಂಬವನ ಏಳು ಮಕ್ಕಳು ಯೇಸುವಿನ ನಾಮ ಹೇಳಿ ದೆವ್ವ ಬಿಡಿಸಲು ಹೋದರು. ನಂಬಿಕೆ ಇರಲಿಲ್ಲ, ಹೆಸರು ಮಾತ್ರ ಬಾಯಲ್ಲಿತ್ತು. ಯೇಸು ಗೊತ್ತು, ಪೌಲನೂ ಗೊತ್ತು, ನೀವು ಯಾರು ಅಂತ ದೆವ್ವವೇ ತಿರುಗಿ ಕೇಳಿತಂತೆ! ಬಟ್ಟೆ ಕಳಕೊಂಡು, ಗಾಯ ಮಾಡಿಕೊಂಡು ಓಡಿದರು (ಪ್ರೇಷಿತರ ಕಾರ್ಯಕಲಾಪಗಳು 19). ದೇವರ ಮೇಲೆ ಸುಳ್ಳು ಆಣೆ ಇಟ್ಟು ಸಾಲ ತರುವವರೂ, ಕೋರ್ಟಿನಲ್ಲಿ ಸಾಕ್ಷಿ ಹೇಳುವವರೂ ಇದನ್ನು ಮರೆಯಬಾರದು.

5. ಅಬ್ಬಾ

ಯೇಸು ಎಂಬ ನಾಮದ ಅರ್ಥವೇ ದೇವರು ರಕ್ಷಿಸುತ್ತಾರೆ ಎಂದು. ಆ ಯೇಸುಸ್ವಾಮಿ ನಮಗೆ ಕಲಿಸಿದ ಹೆಸರು 'ತಂದೆ'. ಅವರ ಮನೆಮಾತಾದ ಅರಮಾಯಿಕ್ ಭಾಷೆಯಲ್ಲಿ 'ಅಬ್ಬಾ'. ಭಾಷೆ ಬೇರೆಯಾದರೂ ನಮ್ಮ 'ಅಪ್ಪಾ'ಗೆ ಕಿವಿಯಲ್ಲಿ ಎಷ್ಟು ಹತ್ತಿರ! ಗೆತ್ಸೆಮನೆ ತೋಪಿನಲ್ಲಿ, ಹಿಡಿದುಕೊಂಡು ಹೋಗುವವರು ಬರುವ ಮೊದಲು, ಅವರು ಕೂಗಿದ್ದು ಇದೇ ಹೆಸರನ್ನು. ಕಷ್ಟದ ಪಾತ್ರೆ ತಪ್ಪಲಿಲ್ಲ. ಆದರೂ ಮೂರನೆಯ ದಿನ ತಂದೆ ಮಗನ ಕೈಬಿಟ್ಟಿಲ್ಲ ಅಂತ ಲೋಕಕ್ಕೇ ಗೊತ್ತಾಯಿತು.

ಆದ್ದರಿಂದ ಚೀಟಿಯ ಮೇಲೆ ಏನು ಬೇಕಾದರೂ ಬರೆಯಿರಿ. ಬರೆಯಲು ಬಾರದಿದ್ದರೆ ಸುಮ್ಮನೆ ನಿಲ್ಲಿ. ಹಾಗರಳಿಗೂ ಓದು ಬರಹ ಬರುತ್ತಿತ್ತೋ ಇಲ್ಲವೋ.

ಒಂದು ಮಾತು ಮಾತ್ರ ನೆನಪಿರಲಿ. "ದೇವರು ನೋಡ್ಕೋತಾರೆ" ಅನ್ನುವುದನ್ನು ನಾವು ಕೈತೊಳೆದುಕೊಳ್ಳಲಿಕ್ಕೂ ಬಳಸುತ್ತೇವೆ. ಜಾತ್ರೆ ಮುಗಿದ ಮೇಲೆ ವಯಸ್ಸಾದ ತಾಯಿಯನ್ನು ಮೆಟ್ಟಿಲ ಮೇಲೆ ಕೂರಿಸಿ, ಈಗ ಬರ್ತೀವಿ ಅಂತ ಹೇಳಿ ಬಸ್ಸು ಹತ್ತಿದವರೂ ಉಂಟು. ರಾತ್ರಿ ಎಂಟಾದರೂ ಆ ತಾಯಿ "ಬರ್ತಾರೆ, ಬರ್ತಾರೆ" ಅಂತಲೇ ದಾರಿ ನೋಡುತ್ತಿರುತ್ತಾಳೆ. ದೇವರನ್ನು ತಂದೆ ಅಂತ ಕರೆದು ಹೆತ್ತವರನ್ನೇ ನೋಡದಿದ್ದರೆ ಆ ಹೆಸರು ನಮ್ಮ ಬಾಯಲ್ಲಿ ವ್ಯರ್ಥ. ನೋಡುವ ದೇವರ ಮಕ್ಕಳು ನಾವು. ನಾವೂ ನೋಡಬೇಕು.

ಪ್ರಾರ್ಥನೆ: ನನ್ನನ್ನು ನೋಡುವ ದೇವರೇ, ಹೇಳಿಕೊಂಡದ್ದನ್ನೂ ಹೇಳಲಾರದೆ ಉಳಿಸಿಕೊಂಡದ್ದನ್ನೂ ತಾವು ಬಲ್ಲಿರಿ. ಕಷ್ಟ ತೀರುವ ತನಕ ನನ್ನ ಜೊತೆಗಿರಿ. ನಾನು ನೋಡದೆ ಬಿಟ್ಟವರ ಕಡೆಗೆ ನನ್ನ ಮುಖ ತಿರುಗಿಸಿರಿ. ಯೇಸುವಿನ ಪವಿತ್ರ ನಾಮದಲ್ಲಿ ಬೇಡುತ್ತೇನೆ. ಆಮೆನ್.