ನಲ್ ಅಂದ್ರೆ ಇಲ್ಲ ಅಂತಲ್ಲ

ಮೂರು ವರ್ಷದ ಹಿಂದೆ ನಮ್ಮ ಆಫೀಸಿನಲ್ಲಿ ಡೇಟಾಬೇಸ್ ನೋಡಿಕೊಳ್ಳುತ್ತಿದ್ದ ಸೀನಿಯರ್ ಕೆಲಸ ಬಿಟ್ಟರು. ಹೊಸಬರು ಸಿಗೋವರೆಗೂ ನೀನೇ ನೋಡ್ಕೋ ಅಂತ ಮ್ಯಾನೇಜರ್ ನನ್ನ ತಲೆಗೆ ಕಟ್ಟಿದರು. ಹೊಸಬರು ಇವತ್ತಿನವರೆಗೂ ಸಿಕ್ಕಿಲ್ಲ.

ಬಿಇ ಓದುವಾಗ ಡಿಬಿಎಂಎಸ್ ಅಂತ ಒಂದು ಸಬ್ಜೆಕ್ಟ್ ಇತ್ತು. ಉರು ಹೊಡೆದು ಪಾಸಾಗಿದ್ದೆ. ಆದರೆ ಒಂದು ಸರ್ವರನ್ನು ಎಬ್ಬಿಸಿ ನಿಲ್ಲಿಸಿ, ಅದು ಬೀಳದ ಹಾಗೆ ನೋಡಿಕೊಳ್ಳುವ ಕೆಲಸ ಯಾವತ್ತೂ ಮಾಡಿದವನಲ್ಲ. ಹಾಗಾಗಿ ಮನೆಯಲ್ಲಿ ಮೂಲೆ ಸೇರಿದ್ದ ಹಳೇ ಲ್ಯಾಪ್‌ಟಾಪ್ ತೆಗೆದು, ಉಬುಂಟು ಹಾಕಿ, ಪೋಸ್ಟ್‌ಗ್ರೆಸ್ ಇನ್‌ಸ್ಟಾಲ್ ಮಾಡಿದೆ. ಹತ್ತು ನಿಮಿಷದ ಕೆಲಸ. ಇಷ್ಟೇನಾ ಅನ್ನಿಸಿತು. ಆಮೇಲೆ ಗೊತ್ತಾಯಿತು, ಆ ಹತ್ತು ನಿಮಿಷ ಬಿಟ್ಟು ಉಳಿದದ್ದೆಲ್ಲ ಮುಗಿಯದ ಕೆಲಸ ಅಂತ. 5432ನೇ ಪೋರ್ಟಿನ ಬಾಗಿಲನ್ನು ಯಾರಿಗೆ ತೆಗೆಯಬೇಕು, ಯಾರಿಗೆ ಓದೋಕೆ ಮಾತ್ರ ಬಿಡಬೇಕು, ಯಾರಿಗೆ ಬರೆಯೋಕೂ ಬಿಡಬೇಕು, ಡಿಸ್ಕ್ ಎಷ್ಟು ತುಂಬಿದೆ, ಬ್ಯಾಕಪ್ ಎಲ್ಲಿ ಹೋಗ್ತಿದೆ. ದಿನಾ ಕಸ ಗುಡಿಸಿದ ಹಾಗೆ. ಗುಡಿಸಿದ ದಿನ ಯಾರ ಕಣ್ಣಿಗೂ ಬೀಳಲ್ಲ, ಬಿಟ್ಟ ದಿನ ಎಲ್ಲರ ಕಣ್ಣಿಗೂ ಬೀಳುತ್ತೆ.

ಒಂದು ತಿಂಗಳು ಪ್ರತಿ ರಾತ್ರಿ ಬ್ಯಾಕಪ್ ತೆಗೆದು ಬೀಗಿದೆ. ಒಂದು ಭಾನುವಾರ ಅದನ್ನು ವಾಪಸ್ ತುಂಬಿಸಿ ನೋಡಿದರೆ, ಅರ್ಧಕ್ಕೇ ನಿಂತಿತ್ತು. ಡಿಸ್ಕ್ ತುಂಬಿ, ಎರಡು ವಾರದಿಂದ ಫೈಲುಗಳು ಅರ್ಧರ್ಧ ಬರೆದು ಕೂತಿದ್ದವು. ನಾನು ಫೈಲ್ ಇದೆಯಾ ಅಂತ ಮಾತ್ರ ನೋಡುತ್ತಿದ್ದೆ, ಅದರೊಳಗೆ ಏನಿದೆ ಅಂತ ನೋಡಿರಲಿಲ್ಲ. ಇದು ನನ್ನೊಬ್ಬನ ಕಥೆ ಅಲ್ಲ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಕಂಪನಿಯ ಇಂಜಿನಿಯರ್ ಒಬ್ಬರು ಬೇರೆ ಸರ್ವರ್ ಅಂದುಕೊಂಡು ಮುಖ್ಯ ಸರ್ವರಿನ ಡೇಟಾವನ್ನೇ ಅಳಿಸಿದರು. ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ. ಬ್ಯಾಕಪ್ ಹುಡುಕಿದರೆ ಅದಿರಬೇಕಾದ ಜಾಗ ಖಾಲಿ. ಬ್ಯಾಕಪ್ ಕೆಟ್ಟಿದೆ ಅಂತ ಹೇಳುವ ಇಮೇಲ್‌ಗಳು ಯಾರಿಗೂ ತಲುಪುತ್ತಲೇ ಇರಲಿಲ್ಲ. ಆರು ಗಂಟೆ ಹಿಂದಿನ ಒಂದು ಕಾಪಿ ಸಿಕ್ಕಿದ್ದರಿಂದ ಬಚಾವಾದರು. ಇದನ್ನೆಲ್ಲ ಆ ಕಂಪನಿಯವರೇ ಬಹಿರಂಗವಾಗಿ ಬರೆದುಕೊಂಡಿದ್ದಾರೆ, ಅದು ಅವರ ದೊಡ್ಡತನ.

ಎರರ್ ಬಂದಿಲ್ಲ ಅಂದ ಮಾತ್ರಕ್ಕೆ ಎಲ್ಲ ಸರಿಯಿದೆ ಅಂತಲ್ಲ. ಈ ಪಾಠ ನನಗೆ ಇನ್ನೊಂದು ಸಲ, ಸ್ವಲ್ಪ ಜೋರಾಗಿ, ಬಡಿಯಿತು.

ನಮ್ಮದು ಬೇರೆ ಕಂಪನಿಗಳ ಸಂಬಳದ ಲೆಕ್ಕ ಮಾಡಿಕೊಡುವ ಚಿಕ್ಕ ಸಂಸ್ಥೆ. ಒಂದು ತಿಂಗಳ ಪಟ್ಟಿಗೆ ನಾನೇ ಕ್ವೆರಿ ಬರೆದೆ. ನೌಕರರ ಟೇಬಲ್ಲು, ಬ್ಯಾಂಕ್ ವಿವರದ ಟೇಬಲ್ಲು, ಎರಡಕ್ಕೂ ಇನ್ನರ್ ಜಾಯಿನ್. ಚಕಚಕ ಓಡಿತು. ಐದನೇ ತಾರೀಕು ಒಂದು ಫೋನ್ ಬಂತು: ಸೆಕ್ಯುರಿಟಿ ಮತ್ತು ಹೌಸ್‌ಕೀಪಿಂಗ್‌ನ ಹನ್ನೊಂದು ಜನಕ್ಕೆ ಸಂಬಳ ಆಗಿಲ್ಲ. ಅವರ ಬ್ಯಾಂಕ್ ವಿವರ ಇನ್ನೂ ಎಂಟ್ರಿ ಆಗಿರಲಿಲ್ಲ. ಎರಡೂ ಕಡೆ ಇರುವವರನ್ನು ಮಾತ್ರ ಉಳಿಸಿಕೊಂಡು ಮಿಕ್ಕವರನ್ನು ಸದ್ದಿಲ್ಲದೆ ಕೈಬಿಡೋದು ಇನ್ನರ್ ಜಾಯಿನ್‌ನ ಗುಣ. ಲೆಫ್ಟ್ ಜಾಯಿನ್ ಬರೆದಿದ್ದರೆ ಆ ಹನ್ನೊಂದು ಹೆಸರೂ ಬರುತ್ತಿದ್ದವು, ಬ್ಯಾಂಕ್ ಕಾಲಂ ಖಾಲಿಯಾಗಿ. ಆ ಖಾಲಿ ನೋಡಿ ಯಾರಾದರೂ ಕೇಳುತ್ತಿದ್ದರು. ನನ್ನ ಪಟ್ಟಿಯಲ್ಲಿ ಖಾಲಿ ಜಾಗವೂ ಇರಲಿಲ್ಲ. ಪಟ್ಟಿ ತುಂಬ ಚೆಂದವಾಗಿತ್ತು.

ಡೇಟಾಬೇಸಿನಲ್ಲಿ ಆ ಖಾಲಿಗೆ ಒಂದು ಹೆಸರಿದೆ, ನಲ್. ಸೊನ್ನೆ ಅಲ್ಲ, ಬರೀ ಸ್ಪೇಸ್ ಅಲ್ಲ, ಇಲ್ಲ ಅಂತಲೂ ಅಲ್ಲ. 'ಗೊತ್ತಿಲ್ಲ' ಅಂತ. ರಿಲೇಷನಲ್ ಡೇಟಾಬೇಸಿನ ಇಡೀ ಯೋಚನೆಯನ್ನು 1970ರಲ್ಲಿ ಮುಂದಿಟ್ಟವರು ಐಬಿಎಂನಲ್ಲಿದ್ದ ಎಡ್ಗರ್ ಕಾಡ್. ಮುಂದೆ 1985ರಲ್ಲಿ, ನಿಜವಾದ ರಿಲೇಷನಲ್ ಡೇಟಾಬೇಸ್ ಅನ್ನಿಸಿಕೊಳ್ಳೋಕೆ ಏನೇನಿರಬೇಕು ಅಂತ ನಿಯಮಗಳ ಪಟ್ಟಿ ಮಾಡಿದಾಗ, ಈ ನಲ್‌ಗೇ ಒಂದು ನಿಯಮ ಇಟ್ಟರು. ಗೊತ್ತಿಲ್ಲದ್ದನ್ನು ಗೊತ್ತಿಲ್ಲದ್ದು ಅಂತಲೇ ಬರೆದಿಡೋಕೆ ಜಾಗ ಇರಬೇಕು ಅನ್ನೋದು ಅದರ ಸಾರ. ಮೊದಲು ಇದು ಬರೀ ಟೆಕ್ನಿಕಲ್ ವಿಷಯ ಅಂದುಕೊಂಡಿದ್ದೆ. ಈಗ ಇದು ನಿಯತ್ತಿನ ವಿಷಯ ಅನ್ನಿಸುತ್ತೆ.

ಇನ್ನೊಂದು ತಮಾಷೆ ನೋಡಿ. ಎಸ್‌ಕ್ಯೂಎಲ್‌ನಲ್ಲಿ 'ವೇರ್' ಅಂತ ಷರತ್ತು ಹಾಕಿ ಹುಡುಕುವಾಗ, ಉತ್ತರ 'ಗೊತ್ತಿಲ್ಲ' ಅಂತ ಬಂದರೆ ಆ ಸಾಲನ್ನು ಹೊರಗೆ ಹಾಕುತ್ತೆ. ಅದೇ 'ಚೆಕ್' ಅಂತ ಕಟ್ಟುಪಾಡು ಹಾಕಿ ಹೊಸ ಸಾಲು ತುಂಬುವಾಗ, ಉತ್ತರ 'ಗೊತ್ತಿಲ್ಲ' ಅಂತ ಬಂದರೆ, ಪರವಾಗಿಲ್ಲ ಒಳಗೆ ಬಾ ಅನ್ನುತ್ತೆ. ಒಂದೇ ಮೌನ. ಒಂದು ಕಡೆ 'ಬೇಡ' ಅಂತ ಅರ್ಥ, ಇನ್ನೊಂದು ಕಡೆ 'ಒಪ್ಪಿಗೆ' ಅಂತ ಅರ್ಥ. ಇದನ್ನು ಓದಿ ಎರಡು ತಿಂಗಳಿಗೆ ಊರಿಗೆ ಹೋದೆ.

ನಮ್ಮೂರು ಕಾಮಗೆರೆ. ಕೊಳ್ಳೇಗಾಲದಿಂದ ಹನೂರಿಗೆ ಹೋಗುವ ರೋಡಲ್ಲಿ ಸಿಗುತ್ತೆ. ಮಾದಪ್ಪನ ಬೆಟ್ಟಕ್ಕೆ ಬಸ್ಸಲ್ಲಿ ಹೋಗಿದ್ದರೆ ಕಿಟಕಿಯಿಂದ ನೋಡಿರ್ತೀರಿ. ಅಲ್ಲಿ ನಮ್ಮ ತಾತನ ಹೆಸರಲ್ಲಿ ಎರಡು ಎಕರೆ ಹತ್ತು ಗುಂಟೆ ಜಮೀನು. ತಾತ ತೀರಿಕೊಂಡು ಹದಿನೈದು ವರ್ಷದ ಮೇಲಾಯಿತು, ಪಹಣಿಯಲ್ಲಿ ಮಾತ್ರ ಇನ್ನೂ ಬದುಕಿದ್ದರು. ಬೋರ್‌ವೆಲ್ ಸಾಲಕ್ಕೆ ಹೋದರೆ ಒಂಬತ್ತನೇ ಕಾಲಂನಲ್ಲಿ ನಿಮ್ಮ ಹೆಸರೇ ಇಲ್ವಲ್ಲ ಅಂದರಂತೆ. ಹಾಗಾಗಿ ಅಪ್ಪ ಮತ್ತು ಚಿಕ್ಕಪ್ಪ ಪೌತಿ ಖಾತೆ ಮಾಡಿಸೋಕೆ ಹೊರಟರು. ಪೌತಿ ಖಾತೆ ಅಂದರೆ ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ ಬದಲಾಯಿಸೋದು. ಅದಕ್ಕೆ ವಂಶವೃಕ್ಷ ಬೇಕು. ಬೆಂಗಳೂರಲ್ಲಿ ಕಂಪ್ಯೂಟರ್ ಕೆಲಸ ಮಾಡೋ ಮಗ ಇದ್ದಾನಲ್ಲ, ಅರ್ಜಿ ತುಂಬೋ ಕೆಲಸ ನನ್ನ ಪಾಲಿಗೆ ಬಂತು.

ಅಪ್ಪ ಹೇಳಿದರು, ನಾನು ಬರೆದೆ. ತಾತನ ಹೆಸರು. ಕೆಳಗೆ ಅಪ್ಪನ ಹೆಸರು, ಚಿಕ್ಕಪ್ಪನ ಹೆಸರು. ಅಲ್ಲಿಗೆ ನಿಂತರು.

ನಮಗೊಬ್ಬರು ಸೋದರತ್ತೆ ಇದ್ದಾರೆ. ಅಪ್ಪನಿಗಿಂತ ಎರಡು ವರ್ಷ ದೊಡ್ಡವರು. ಲೊಕ್ಕನಹಳ್ಳಿ ಕಡೆಗೆ ಕೊಟ್ಟಿದ್ದು. ಗಂಡ ತೀರಿಕೊಂಡ ಮೇಲೆ ಕೂಲಿ ಮಾಡಿ ಮಕ್ಕಳನ್ನು ಸಾಕಿದವರು. ಪ್ರತಿ ಯುಗಾದಿಗೂ ನಮ್ಮ ಹಟ್ಟಿಗೆ ಬರ್ತಾರೆ. ಚಿಕ್ಕವನಿದ್ದಾಗ ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡು ಹಿಪ್ಪುನೇರಳೆ ತೋಟ ಸುತ್ತಿಸಿದವರು. ಅವರ ಹೆಸರು ಹಾಳೆಯಲ್ಲಿ ಬರಲಿಲ್ಲ. ನಾನೂ ಕೇಳಲಿಲ್ಲ. ಪೆನ್ ಕ್ಯಾಪ್ ಹಾಕಿದೆ. ಹಾಳೆ ತುಂಬ ಚೆಂದವಾಗಿತ್ತು.

ರಾತ್ರಿ ನಿದ್ದೆ ಬರಲಿಲ್ಲ. ಆ ಹನ್ನೊಂದು ಜನರ ಪಟ್ಟಿ ನೆನಪಾಗ್ತಿತ್ತು.

ಕಾನೂನು ಏನು ಹೇಳುತ್ತೆ ಅನ್ನೋದು ನನಗೆ ಗೊತ್ತಿತ್ತು. 2005ರ ತಿದ್ದುಪಡಿ ಬಂದಮೇಲೆ ಪಿತ್ರಾರ್ಜಿತದಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ಆ ಹಕ್ಕು ಹುಟ್ಟಿನಿಂದಲೇ ಬರುತ್ತೆ ಅಂತ 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಹೇಳಿತು. ಆದರೆ ಕಾನೂನು ಒಂದು ಕಡೆ ಇರಲಿ. ನನ್ನನ್ನು ಕಾಡಿದ್ದು ಬೇರೆ ಪ್ರಶ್ನೆ: ನಾನು ಸುಳ್ಳು ಬರೆದೆನಾ? ಹಾಳೆಯಲ್ಲಿದ್ದ ಪ್ರತಿ ಅಕ್ಷರವೂ ನಿಜ. ತಾತನಿಗೆ ಇವರಿಬ್ಬರು ಮಕ್ಕಳು ಇದ್ದದ್ದು ನಿಜ. ಬರೆದದ್ದೆಲ್ಲ ನಿಜವಾಗಿದ್ದು, ಬರೆಯದೇ ಬಿಟ್ಟದ್ದರಿಂದ ಇಡೀ ಹಾಳೆ ಸುಳ್ಳಾಗುತ್ತಾ?

ಇದಕ್ಕೆ ಉತ್ತರ ಡೇಟಾಬೇಸಿನವರ ಹತ್ತಿರವೇ ಇದೆ. 1978ರಲ್ಲಿ ರೇಮಂಡ್ ರೈಟರ್ ಅನ್ನುವ ವಿದ್ವಾಂಸರು 'ಕ್ಲೋಸ್ಡ್ ವರ್ಲ್ಡ್' ಅಂತ ಒಂದು ಮಾತು ತಂದರು. ಮುಚ್ಚಿದ ಲೋಕ. ಯಾವುದು ದಾಖಲೆಯಲ್ಲಿ ಇಲ್ಲವೋ ಅದು ಇಲ್ಲವೇ ಇಲ್ಲ ಅಂತ ಒಪ್ಪಿಕೊಂಡು ಮುಂದೆ ಹೋಗೋದು. ಬಸ್ಸಿನ ಟೈಂಟೇಬಲ್ಲಿನಲ್ಲಿ ಮೂರು ಗಂಟೆ ಬಸ್ ಬರೆದಿಲ್ಲ ಅಂದರೆ ಮೂರು ಗಂಟೆಗೆ ಬಸ್ ಇಲ್ಲ ಅಂತ ನಾವು ತಿಳಿದುಕೊಳ್ತೀವಲ್ಲ, ಹಾಗೆ. ಇದು ತಪ್ಪಲ್ಲ, ಹೀಗಲ್ಲದಿದ್ದರೆ ಯಾವ ಕಚೇರಿಯೂ ನಡೆಯಲ್ಲ. ಆದರೆ ಓದುವವರು ಹಾಗೆ ಓದುತ್ತಾರೆ ಅಂತ ಗೊತ್ತಿದ್ದೂ ಒಂದು ಹೆಸರನ್ನು ಬಿಟ್ಟರೆ, ಅದು ಬಿಟ್ಟದ್ದಲ್ಲ. 'ಈ ಮನೆಗೆ ಮಗಳಿಲ್ಲ' ಅಂತ ಬರೆದ ಹಾಗೆಯೇ.

ಫಾರಿನ್ ಕೀ, ಚೆಕ್, ಯೂನಿಕ್ ಅಂತ ಎಷ್ಟೇ ಕಾವಲು ಹಾಕಿ, ಅವು ಬರೆದ ಸಾಲುಗಳನ್ನು ಪರೀಕ್ಷೆ ಮಾಡುತ್ತವೆ. ಬರೆಯದ ಸಾಲನ್ನು ಹುಡುಕಿ ತರೋದು ಅವುಗಳ ಕೈಲಿ ಆಗಲ್ಲ. ನಮ್ಮ ರಾಜ್ಯದ 'ಭೂಮಿ' ಯೋಜನೆ ಸುಮಾರು 67 ಲಕ್ಷ ರೈತರ ಎರಡು ಕೋಟಿ ಪಹಣಿ ದಾಖಲೆಗಳನ್ನು ಕಂಪ್ಯೂಟರಿಗೆ ತಂದಿತು. ಕೈಬರಹದ ಪಹಣಿ ನಿಂತುಹೋಯಿತು, ಹದಿನೈದು ರೂಪಾಯಿಗೆ ಪ್ರಿಂಟ್ ಸಿಗೋ ಹಾಗಾಯಿತು. ದೊಡ್ಡ ಕೆಲಸವೇ. ಆದರೂ ಆ ಸರ್ವರಿಗೆ ನಮ್ಮತ್ತೆ ಇದ್ದಾರೆ ಅಂತ ನಾವು ಹೇಳಿದರೆ ಮಾತ್ರ ಗೊತ್ತು. ನಮ್ಮ ಜಮೀನು ಅಂಗುಲ ಅಲುಗಾಡದೆಯೇ ಎಷ್ಟೋ ಕಡತ ಕಂಡಿದೆ. ಕೊಳ್ಳೇಗಾಲ 1956ರ ತನಕ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಆಮೇಲೆ ಮೈಸೂರು ಜಿಲ್ಲೆ, 1997ರಲ್ಲಿ ಚಾಮರಾಜನಗರ, ಈಚೆಗೆ ಹನೂರೇ ಬೇರೆ ತಾಲ್ಲೂಕಾಯಿತು. ಇಷ್ಟು ಕಡತ ಬದಲಾದರೂ ನಮ್ಮ ಮನೆಯ ಹೆಣ್ಣುಮಕ್ಕಳ ಹೆಸರು ಯಾವುದರಲ್ಲೂ ಇಲ್ಲ. ಯಾರೂ ಅಳಿಸಿದ್ದಲ್ಲ. ಯಾರೂ ಬರೆಯಲಿಲ್ಲ.

ಬೆಳಿಗ್ಗೆ ಅಪ್ಪನಿಗೆ ಹೇಳಿದೆ. ಅವರಿಗೆ ಕೋಪ ಬಂತು.

"ಅವ್ಳು ಯಾವತ್ತಾರ ಕೇಳವ್ಳಾ? ಕೇಳ್ದೇ ಇರದ್ಕ ನೀನ್ಯಾಕ್ಲಾ ಮಧ್ಯ ಬತ್ತೀಯ? ರಾತ್ರಿ ಬರಿಯಾಗ ಬಾಯಿ ಮುಚ್ಕೊಂಡಿದ್ದಲ್ಲ!"

ಎರಡೂ ಸರಿಯಾದ ಮಾತೇ. ಅತ್ತೆ ಯಾವತ್ತೂ ಕೇಳಿಲ್ಲ, ಅದಕ್ಕೆ ಅವರಿಗೆ ಬೇಡ ಅಂತ ಅಪ್ಪ ತೀರ್ಮಾನಿಸಿದ್ದರು. ನಾನು ಬರೆಯುವಾಗ ತಕರಾರು ಮಾಡಲಿಲ್ಲ, ಅದಕ್ಕೆ ನನಗೆ ಒಪ್ಪಿಗೆ ಅಂತ ತೀರ್ಮಾನಿಸಿದ್ದರು. ಆ ವೇರ್ ಮತ್ತು ಚೆಕ್ ನೆನಪಾಯಿತು. ಎರಡು ಮೌನ, ಎರಡು ಅರ್ಥ, ಎರಡೂ ಅನುಕೂಲಕ್ಕೆ ತಕ್ಕ ಹಾಗೆ. ಆದರೆ ನನ್ನ ಮೌನ ನಲ್ ಆಗಿರಲಿಲ್ಲ. ನನಗೆ ಗೊತ್ತಿತ್ತು. ಗೊತ್ತಿದ್ದವನು ಸುಮ್ಮನಿದ್ದರೆ ಅದಕ್ಕೆ ಬೇರೆ ಹೆಸರಿದೆ.

ಅಪ್ಪನ ಲೆಕ್ಕವೂ ಸುಮ್ಮನೆ ಅಲ್ಲ. ತೊಂಬತ್ತು ಗುಂಟೆ ಇಬ್ಬರಿಗೆ ಹಂಚಿದರೆ ತಲಾ ನಲವತ್ತೈದು, ಮೂವರಿಗಾದರೆ ಮೂವತ್ತು. ನನಗೆ ತಿಂಗಳ ಸಂಬಳ ಇದೆ, ಹದಿನೈದು ಗುಂಟೆ ಹೋದರೆ ನನಗೇನೂ ಆಗಲ್ಲ. ಅಪ್ಪನಿಗೆ ಅದು ಒಂದು ಬೆಳೆ. ಬೇರೆಯವರ ತಟ್ಟೆಯಿಂದ ತೆಗೆದು ನ್ಯಾಯ ಬಡಿಸೋದು ಸುಲಭ. ಇದನ್ನು ಬರೆಯುವಾಗಲೂ ನನಗೆ ಆ ನಾಚಿಕೆ ಇದೆ.

ಆದರೂ ನಾನು ಹೇಳಿದ್ದು ಇಷ್ಟೇ: ಅತ್ತೆಗೆ ಕೊಡಬೇಕೋ ಬೇಡವೋ ಅದು ಆಮೇಲಿನ ಮಾತು. ಅವರೇ ಬೇಡ ಅಂದರೆ ಹಕ್ಕು ಬಿಡುಗಡೆ ಪತ್ರ ಬರೆದುಕೊಡ್ತಾರೆ, ಅದರಲ್ಲೂ ಅವರ ಹೆಸರಿರುತ್ತೆ, ಇದ್ದದ್ದನ್ನು ಬಿಟ್ಟುಕೊಟ್ಟರು ಅಂತ ಇರುತ್ತೆ. ಬಿಟ್ಟುಕೊಡೋ ದೊಡ್ಡತನ ಇದ್ದರೆ ಅದು ಅವರದ್ದು. ಅವರ ಪರವಾಗಿ ನಾವು ಬಿಟ್ಟುಕೊಡೋಕೆ ಆಗಲ್ಲ. ಮೊದಲು ಹೆಸರು ಬರೆಯೋಣ.

ಅಪ್ಪ ಎದ್ದು ತೋಟಕ್ಕೆ ಹೋದರು. ಮೂರು ವಾರ ನನ್ನ ಫೋನ್ ಎತ್ತಲಿಲ್ಲ. ಮಾತುಕತೆಯೆಲ್ಲ ಅವ್ವನ ಮೂಲಕ. ಕೊನೆಗೆ ಒಂದು ದಿನ ಅವ್ವನ ಕೈಲೇ ಹೇಳಿಸಿದರು, ಹೊಸ ಹಾಳೆ ತಕ್ಕಂಡು ಬರಕ್ಕೇಳು ಅಂತ.

ಅತ್ತೆಗೆ ನಾನೇ ಫೋನ್ ಮಾಡಿದೆ. ವಿಷಯ ಹೇಳಿದರೆ ಗಾಬರಿಯಾದರು. "ಬ್ಯಾಡ ಬುಡು ಮಗ, ತವರುಮನ ಬಾಗ್ಲು ತಗ್ದಿದ್ರ ಸಾಕು. ನಿಮ್ಮಪ್ಪ ನೊಂದ್ಕತನ" ಅಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, "ನನ್ ಹೆಸ್ರು ಬರ್ದಿದ್ದೀಯಾ?" ಅಂತ ಕೇಳಿದರು. ಬರೆದಿದ್ದೀನಿ ಅಂದೆ. "ನಮ್ಮಪ್ಪನ ಹೆಸ್ರ ಕೆಳಗಾ?" ಹೌದು ಅತ್ತೆ, ಎಲ್ಲರಿಗಿಂತ ಮೊದಲು, ನೀವೇ ದೊಡ್ಡೋರಲ್ವಾ ಅಂದೆ. ಆ ಕಡೆಯಿಂದ ಮಾತೇ ಬರಲಿಲ್ಲ. ಈ ಸಲ ಆ ಮೌನಕ್ಕೆ ನಾನು ಯಾವ ಅರ್ಥವನ್ನೂ ಹಚ್ಚಲಿಲ್ಲ. ಅವರು ಮಾತಾಡೋವರೆಗೂ ಫೋನ್ ಹಿಡಿದು ಕಾದೆ.

ಪೌತಿ ಖಾತೆ ಈಗ ಮೂವರ ಹೆಸರಿಗೆ ಆಗಿದೆ. ಅತ್ತೆ ಪಾಲು ತಗೋತಾರೋ ಬಿಟ್ಟುಕೊಡ್ತಾರೋ ಇನ್ನೂ ಹೇಳಿಲ್ಲ. ಯಾರೂ ಅವಸರ ಮಾಡ್ತಿಲ್ಲ. ಹೋದ ಯುಗಾದಿಗೆ ಬಂದಾಗ ಅಪ್ಪ ಪಹಣಿಯ ಪ್ರಿಂಟ್ ತಂದು ಅವರ ಕೈಗೆ ಕೊಟ್ಟರು, ಏನೂ ಮಾತಾಡದೆ. ಅತ್ತೆಗೆ ಓದೋಕೆ ಬರಲ್ಲ. "ಯಾವ್ದ್ಲಾ ನಂದು?" ಅಂದರು. ಅಪ್ಪನೇ ಬೆರಳಿಟ್ಟು ತೋರಿಸಿದರು.